ಕಂಬಳಿಯ ಆಚೆ ಬದಿ

ಹಂಪಮ್ಮನ ಎರಡೂ ಮುಂಗೈಗಳ ಮೇಲೆ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆಗಳಿದ್ದವು. ಕಬ್ಬಿಣ ಕೊಯ್ಯುವ ಗ್ರೈಂಡರಿನ ಕಿಡಿ ಸುಟ್ಟ ಗುರುತು. ಕುಪ್ಪಸದ ತೋಳು ಜರಡಿಯಾಗಿತ್ತು. ಹತ್ತು ದಿನದ ಹಿಂದೆ ಬಲಗಣ್ಣಿಗೆ ಕಬ್ಬಿಣದ ಚೂರು ಸಿಡಿದು, ನಾರಾಯಣಪೇಟೆಯ ಡಾಕ್ಟರು ಅದನ್ನು ಸೂಜಿಯ ಮೊನೆಯಿಂದ ತೆಗೆದಿದ್ದರು. ಇನ್ನೊಮ್ಮೆ ಹೀಗಾದರೆ ಕಣ್ಣು ಉಳಿಯುವ ಭರವಸೆಯಿಲ್ಲ, ಕಿಡಿ ತಡೆಯುವ ಚಷ್ಮಾ ಇಲ್ಲದೆ ಕೆಲಸಕ್ಕೆ ನಿಲ್ಲಬೇಡ ಎಂದಿದ್ದರು. ಹಂಪಮ್ಮ ತಲೆಯಾಡಿಸಿ ಬಸ್ಸು ಹತ್ತಿದ್ದಳು. ಚಷ್ಮಾ ಇದ್ದದ್ದು ಒಂದೇ. ಅದು ಅಂಜಯ್ಯನ ಕಣ್ಣಿನ ಮೇಲಿತ್ತು.

ಅಂಜಯ್ಯನದು ಮಕ್ತಲ್ ಬಸ್‌ಸ್ಟ್ಯಾಂಡಿನ ಹಿಂದೆ ವೆಲ್ಡಿಂಗ್ ಅಂಗಡಿ. ಹಂಪಮ್ಮ ಅಲ್ಲಿ ಸರಳು ಹಿಡಿಯುವ ಆಳು. ಆದರೆ ಅಂಜಯ್ಯ ಅವಳನ್ನು ಬಿಟ್ಟು ಬೇರೆಯವರನ್ನು ಕರೆಯದಿರುವುದಕ್ಕೆ ಕಾರಣ ಅವಳ ಕಂಬಳಿ. ಕೆಲಸದ ಹತ್ತಿರ ಕಾರು ಇದ್ದರೆ ಅದಕ್ಕೆ ಏನಾದರೂ ಮರೆ ಬೇಕು. ಪ್ಲಾಸ್ಟಿಕ್ ಹಾಳೆ ಕರಗಿ ಬಣ್ಣಕ್ಕೇ ಅಂಟುತ್ತದೆ. ಚಾದರಕ್ಕೆ ಬೆಂಕಿ ಹತ್ತುತ್ತದೆ. ಕುರಿಯ ಉಣ್ಣೆಯ ಕಂಬಳಿಯನ್ನು ನೀರಿಗೆ ಅದ್ದಿ ಹಿಂಡಿ ಹಿಡಿದರೆ ಕಿಡಿ ಚುಂಯ್ ಎಂದು ಅಲ್ಲೇ ಸಾಯುತ್ತದೆ. ಹಾಗಾಗಿ ಅಂಜಯ್ಯ ದಿನಾ ಬೆಳಿಗ್ಗೆ ಊಟ ಆಯಿತೇ ಎಂದು ಕೇಳುವ ಮೊದಲು ಕಂಬಳಿ ತಂದೆಯಾ ಎಂದು ಕೇಳುತ್ತಿದ್ದ.

ಗಂಡ ನಾಗಪ್ಪ ಕುರಿ ಹೊಡೆದುಕೊಂಡು ಮಾಗನೂರಿನ ಆಚೆ, ಕೃಷ್ಣೆಯ ದಂಡೆಗೆ ಹೋಗಿದ್ದ. ಮನೆಯಲ್ಲಿ ಕುಲದೇವರು ಬೀರಪ್ಪನ ಪೂಜೆ ನಡೆದರೆ ಇದೇ ಕಂಬಳಿ ಮಡಿಸಿ ಗದ್ದಿಗೆ ಮಾಡುವುದು. ಅದು ಹಗಲೆಲ್ಲ ಕಾರುಗಳಿಗೆ ಮರೆಯಾಗುವ ಸಂಗತಿ ನಾಗಪ್ಪನಿಗೆ ಗೊತ್ತಿರಲಿಲ್ಲ. ಕೇಳಿದರೆ ಬೀರಪ್ಪನೂ ಕೂಲಿಗೆ ಹೋಗಿದ್ದಾನೆ ಎಂದುಬಿಡೋಣ ಎಂದು ಹಂಪಮ್ಮ ಉತ್ತರ ಸಿದ್ಧ ಮಾಡಿಟ್ಟಿದ್ದಳು.

ಆ ದಿನ ಕೆಲಸ ಗುತ್ತಿಗೆದಾರ ಶ್ರೀರಾಮುಲುವಿನ ಮನೆಯಲ್ಲಿ. ಅವನ ಹೊಸ ಬಿಳಿ ಕಾರಿನ ಮೇಲೆ ಕೋತಿಗಳು ಕುಣಿದು ವೈಪರು ಕಿತ್ತಿದ್ದವು. ಅದಕ್ಕೆ ಪೋರ್ಟಿಕೊ ತುಂಬ ಜಾಲರಿ ಕೂರಿಸಬೇಕು. ಕಾರನ್ನು ಹೊರಗೆ ನಿಲ್ಲಿಸಿ ಎಂದು ಅಂಜಯ್ಯ ಕೇಳಿಕೊಂಡ. ಶ್ರೀರಾಮುಲು ಒಪ್ಪಲಿಲ್ಲ. ಹೊರಗೆ ಕೋತಿ, ಸಾಲದ್ದಕ್ಕೆ ಬಿಸಿಲು, ಬಣ್ಣ ಏನಾಗಬೇಕು ಎಂದ. ಗಾಲಿಗಳಿಗೆ ಒದ್ದೆ ಗೋಣಿ ಹೊದಿಸಿದರು. ಎರಡೂ ಪಕ್ಕದ ಕನ್ನಡಿಗಳಿಗೆ ಬಟ್ಟೆ ಸುತ್ತಿದರು. ಕಿವಿ ಮುಚ್ಚಿಕೊಂಡ ಬಾಣಂತಿಯ ಹಾಗೆ ಕಾಣಿಸಿತು ಕಾರು. ಹಂಪಮ್ಮನಿಗೆ ನಗು ಬಂತು. ಅವಳ ಬಾಣಂತನ ಹನ್ನೊಂದೇ ದಿನದ್ದು. ಹನ್ನೆರಡನೆಯ ದಿನ ಕುರಿಹಟ್ಟಿಯ ಕಸ ಬಳಿದಿದ್ದಳು.

ಇನ್ನು ಉಳಿದದ್ದು ಮುಂದಿನ ಗಾಜು. ಕಿಡಿ ಗಾಜಿಗೆ ಕಚ್ಚಿಕೊಂಡರೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಒರಟು ಉಣ್ಣೆ ತಿಕ್ಕುತ್ತದೆ, ಕಂಬಳಿಯನ್ನು ಗಾಡಿಗೆ ತಾಗಿಸಬೇಡಿ ಎಂದು ಶ್ರೀರಾಮುಲು ಮೊದಲೇ ಹೇಳಿದ್ದ. ಹಂಪಮ್ಮ ಕಾರಿಗೆ ಬೆನ್ನು ಕೊಟ್ಟು ನಿಂತು, ಕಂಬಳಿಯನ್ನು ಪರದೆಯಂತೆ ಎತ್ತಿ ಹಿಡಿದಳು. ಗಾಜೂ ಅವಳೂ ಕಂಬಳಿಯ ಒಂದೇ ಬದಿ. ಶ್ರೀರಾಮುಲು ಅವಳ ಕೈಯ ಗಾಜಿನ ಬಳೆಗಳನ್ನು ನೋಡಿದ. ಬಣ್ಣಕ್ಕೆ ಗೀರು ಬೀಳುತ್ತದೆ, ಬಳೆ ತೆಗೆದಿಡು ಎಂದ.

"ಸಾವ್ಕಾರ್ರ, ನನ್ನ ಗಂಡ ಬದುಕಿದಾನ್ರಿ," ಎಂದಳು ಹಂಪಮ್ಮ. "ಬಳಿ ತೆಗಿಯಾಂಗಿಲ್ಲ."

"ಹಂಗಾದ್ರ ಗಾಡಿ ಕಡೀಗೆ ನಿಂದರಬ್ಯಾಡ. ಕಂಬಳಿ ಆ ಕಡೀಗಿರ್ಲಿ, ನೀ ಈ ಕಡೀಗೆ ಬಾ."

ಅವಳು ಈ ಕಡೆಗೆ ಬಂದಳು. ಈಗ ಕಂಬಳಿಯ ಹಿಂದೆ ಕಾರು. ಕಂಬಳಿಯ ಮುಂದೆ ಅವಳು. ಅವಳ ಮಗ್ಗುಲಲ್ಲೇ ಗ್ರೈಂಡರ್.

ಕಿಡಿಗಳು ಕಂಬಳಿಗೆ ಬಡಿದು ಅವಳತ್ತಲೇ ಪುಟಿದವು. ಅವಳು ಮುಖ ತಿರುಗಿಸಿದಳು, ರೆಪ್ಪೆ ಬಿಗಿದಳು. ಶ್ರೀರಾಮುಲು ಆಗಾಗ ಬಂದು ಮೊಬೈಲಿನ ಬೆಳಕು ಬಿಟ್ಟು ಗಾಜನ್ನು ಇಂಚಿಂಚೂ ನೋಡಿ ಹೋಗುತ್ತಿದ್ದ. ಅದೇ ಬೆಳಕು ಒಮ್ಮೆ ತನ್ನ ಕೈಯ ಮೇಲೂ ಹಾಯಿತು, ಅಲ್ಲಿ ನಿಲ್ಲಲಿಲ್ಲ ಎಂಬುದನ್ನು ಹಂಪಮ್ಮ ಗಮನಿಸಿದಳು. ತನಗಾದರೂ ತನ್ನ ಕೈ ನೋಡಿಕೊಳ್ಳುವ ರೂಢಿ ಯಾವಾಗ ತಪ್ಪಿತು ಎಂದು ಯೋಚಿಸಿದಳು.

ಮೂರನೆಯ ಸರಳು ಕತ್ತರಿಸುವಾಗ ಎಡ ಹುಬ್ಬಿನ ಕೆಳಗೆ ಚುರ್ ಎಂದಿತು. ಎಡದ್ದು ಅವಳ ನೆಟ್ಟಗಿದ್ದ ಕಣ್ಣು. ಅದನ್ನು ಮುಚ್ಚಿಕೊಂಡೇ ನಿಂತಳು. ತೆರೆಯಲು ಹೆದರಿಕೆ. ತೆರೆದಳು. ಕಂಬ ಕಂಡಿತು, ಜಾಲರಿ ಕಂಡಿತು, ಗೋಡೆಯ ಮೇಲಿನ ಕೋತಿಯೂ ಕಂಡಿತು. ಉಸಿರು ಬಂತು, ಉಸಿರಿನ ಹಿಂದೆಯೇ ಸಿಟ್ಟು. ಯಾರಿಗೂ ಹೇಳದೆ ಕಂಬಳಿ ಎತ್ತಿಕೊಂಡು ಸುತ್ತುಹಾಕಿ ಹೋಗಿ ಕಾರಿನ ಕಡೆ ನಿಂತಳು. ಮೂಗಿನವರೆಗೆ ಕಂಬಳಿ ಏರಿಸಿದಳು.

ಶ್ರೀರಾಮುಲು ಒಳಗಿನಿಂದ ಓಡಿ ಬಂದ. ಹೇಳಿದ್ದು ತಿಳಿಯಲಿಲ್ಲವೇ, ಗೀರು ಬಿದ್ದರೆ ಹೊಣೆ ಯಾರು ಎಂದು ರೇಗಿದ.

"ಗೀರು ಬಿದ್ರ ಗದ್ವಾಲದಾಗ ಬಣ್ಣ ಸಿಗತೈತ್ರಿ," ಎಂದಳು. "ಕಣ್ಣು ಎಲ್ಲಿ ಸಿಗತೈತಿ ಹೇಳ್ರಿ, ನಾನ ಹೋಗಿ ತರ್ತೀನಿ."

ಅವನು ಕಂಬಳಿ ಕಿತ್ತುಕೊಂಡ. ಇದೇನು ಬ್ರಹ್ಮವಿದ್ಯೆಯೇ, ತಾನೇ ಹಿಡಿಯುತ್ತೇನೆ ಎಂದು ಅವಳು ಆಗಷ್ಟೇ ಬಿಟ್ಟುಬಂದಿದ್ದ, ಗ್ರೈಂಡರಿನ ಮಗ್ಗುಲ ಜಾಗದಲ್ಲಿ ನಿಂತ. ಅಂಜಯ್ಯ ಒಮ್ಮೆ ಹಂಪಮ್ಮನ ಮುಖ ನೋಡಿ ಗ್ರೈಂಡರ್ ಒತ್ತಿದ. ಕಿಡಿ ಹಾರಿತು. ಶ್ರೀರಾಮುಲು ಕೈ ಝಾಡಿಸಿದ, ಕುಣಿದ, ಮರುಕ್ಷಣವೇ ಕಾರಿನ ಕಡೆಗೆ ದಾಟಿ, ಕಿಡಿಗೆ ಬೆನ್ನು ಮಾಡಿ, ಬಾನೆಟ್ಟಿಗೆ ಹೊಟ್ಟೆ ಒತ್ತಿ ನಿಂತ.

ಗ್ರೈಂಡರ್ ನಿಂತಿತು.

"ಸಾವ್ಕಾರ್ರ," ಹಂಪಮ್ಮ ಮೆಲ್ಲಗೆ ಕೇಳಿದಳು, "ನೀವ್ಯಾಕ ಆ ಕಡೀಗೆ ಹೋದ್ರಿ?"

ಬಾಗಿಲಲ್ಲಿ ಅವನ ಹೆಂಡತಿ ಶೈಲಜಾ ನಿಂತಿದ್ದಳು. ಆ ಕಾರಿನಲ್ಲಿ ಕೂತಾಗಲೆಲ್ಲ ಬಳೆಯ ಕೈಗಳನ್ನು ಸೆರಗಿನಲ್ಲಿ ಸುತ್ತಿಟ್ಟುಕೊಳ್ಳಬೇಕೆಂಬ ಕಟ್ಟಳೆ ಅವಳಿಗೂ ಇತ್ತು.

"ಬೆಲ್ಟಿನ ಬಕ್ಕಲು ತಿಕ್ಕಾಕತ್ತೈತಿ ನೋಡ್ರಿ," ಎಂದಳು ಶೈಲಜಾ. ನಗು ತಡೆಯಲು ಅವಳು ಹೆಚ್ಚು ಕಷ್ಟಪಡಲಿಲ್ಲ.

ಶ್ರೀರಾಮುಲು ಕಂಬಳಿ ಬಿಸಾಡಿ, ಕೀಲಿ ತಂದು, ಕನ್ನಡಿಗೆ ಸುತ್ತಿದ ಬಟ್ಟೆ, ಗಾಲಿಯ ಗೋಣಿ ಎಲ್ಲ ಕಿತ್ತೆಸೆದು ಕಾರನ್ನು ಬೀದಿಗೆ ತಂದ. ಕೋತಿಗಳು ಗೋಡೆಯ ಮೇಲೆ ಸರಿದು ಕೂತವು. ಅವನು ಕೋಲು ಹಿಡಿದು ಬಿಸಿಲಲ್ಲಿ ಕಾರಿನ ಕಾವಲಿಗೆ ನಿಂತ.

ಕಾರು ಹೋಯಿತಲ್ಲ ಅಕ್ಕ, ಬೇಗ ಬಂದು ಸರಳು ಹಿಡಿ ಎಂದ ಅಂಜಯ್ಯ. ಹಂಪಮ್ಮ ಕಂಬಳಿ ಕೊಡವಿ, ಮಡಿಸಿ, ಮೆಟ್ಟಿಲ ಮೇಲೆ ಹಾಕಿ ಕೂತಳು. ತನಗೊಂದು ಚಷ್ಮಾ ಬರಬೇಕು, ಆಮೇಲೆ ಸರಳು ಎಂದಳು. ಇನ್ನೇನು ಸ್ವಲ್ಪ ಉಳಿದಿದೆ ಎಂದು ಅವನು ಗೋಗರೆದ. ಎಷ್ಟೋ ವರ್ಷದಿಂದ ಇನ್ನು ಸ್ವಲ್ಪವೇ ಉಳಿದಿತ್ತು. ಅವಳು ಏಳಲಿಲ್ಲ. ಕಡೆಗೆ ಅವನು, ಪಕ್ಕದ ಓಣಿಯ ಜಮ್ಮುಲಮ್ಮನನ್ನು ಕರೆಯುತ್ತೇನೆ ಎಂದು ಹೆದರಿಸಿದ.

"ಕರಿ ತಮ್ಮಾ," ಎಂದಳು ಹಂಪಮ್ಮ. "ಆಕಿಗೂ ಎರಡು ಕಣ್ಣದಾವ. ಆಕಿಗೂ ಒಂದು ಚಷ್ಮಾ ತಗೊಂಡು ಬಾ."

ಅಂಜಯ್ಯ ತನ್ನ ಚಷ್ಮಾ ಹಣೆಗೇರಿಸಿದ. ಆಮೇಲೆ ಬೈಕು ಹತ್ತಿ ಬಜಾರಿನ ಕಡೆ ಹೋದ.

ಶೈಲಜಾ ನೀರಿನ ಚೊಂಬು ತಂದು ಅದೇ ಮೆಟ್ಟಿಲಿನ ಮೇಲೆ ಕೂತಳು. ಬೀದಿಯಿಂದ ಶ್ರೀರಾಮುಲು ಕೂಗಿದ. ಕೆಲಸ ಯಾವಾಗ ಶುರುವಾಗುತ್ತದೆ, ತಾನು ಎಷ್ಟು ಹೊತ್ತು ಹೀಗೆ ನಿಲ್ಲಬೇಕು ಎಂದು ಕೇಳಿದ. ಶೈಲಜಾ ಉತ್ತರ ಕೊಡಲು ಬಾಯಿ ತೆರೆದಳು. ಹಂಪಮ್ಮ ಅವಳ ಮೊಣಕೈ ಮುಟ್ಟಿ ತಡೆದಳು.

"ಶುರುವಾದಾಗ ನಾನ ಹೇಳ್ತೀನ್ರಿ," ಎಂದಳು. "ಅಲ್ಲೀತನಾ ನಿಂದರ್ರಿ."