ತೂಕದ ಯಂತ್ರ

"ಬ್ಯಾಟರೀದು ಬೇಡ," ಎಂದ ಗುರುರಾಜ. "ಹಳೇ ಥರದ್ದು. ಡಾಕ್ಟರ ಹತ್ರ ಇರುತ್ತಲ್ಲ, ಕಬ್ಬಿಣದ್ದು. ಗುಂಡು ಸರಿಸಿ ನೋಡೋದು."

ಪೀಣ್ಯದ ಆ ಅಂಗಡಿಯ ಶ್ಯಾಮಣ್ಣ ಕನ್ನಡಕದ ಮೇಲಿನಿಂದ ನೋಡಿದರು. "ಕ್ಲಿನಿಕ್ಕಿಗಾ ಸಾರ್?"

"ಹ್ಞೂಂ."

ಸುಳ್ಳು ತಾನಾಗಿ ಬಂತು. ಮಗಳಿಗೆ ಎಂದಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ಅವಳು ಯಾಕೆ ಹೀಗಾದಳು ಎಂಬುದು ಅವನಿಗೂ ಗೊತ್ತಿರಲಿಲ್ಲ. ಪಿಯುಸಿ ಓದುವ ದಿವ್ಯಾ ಸರಿಯಾಗಿ ಊಟ ಮಾಡಿ ತಿಂಗಳುಗಳಾಗಿದ್ದವು. ಅವಳು ಕ್ಲಾಸಿನಲ್ಲಿ ತಲೆ ತಿರುಗಿ ಬಿದ್ದ ದಿನ ಕಾಲೇಜಿನಿಂದ ಫೋನ್ ಬಂದಾಗಲೇ ಅವನಿಗೆ ವಿಷಯ ತಿಳಿದದ್ದು. ಆಗ ಅವನು ಎಲೆಕ್ಟ್ರಾನಿಕ್ ಸಿಟಿಯ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದ. ಮೀಟಿಂಗ್ ಮುಗಿಸಿಯೇ ಹೊರಟ.

ವಾರಕ್ಕೊಮ್ಮೆ ತೂಕ ನೋಡಿ, ದಿನವೂ ಅವಳ ಜೊತೆ ಕೂತು ಊಟ ಮಾಡಿ ಎಂದಿದ್ದರು ಡಾಕ್ಟರು. ಎರಡರಲ್ಲಿ ಮೊದಲನೆಯದು ಅವನ ಕೈಲಾಗುವಂಥದ್ದು. ಮನೆಯಲ್ಲಿದ್ದ ಗಾಜಿನ ಡಿಜಿಟಲ್ ಯಂತ್ರ ಮಾತ್ರ ಒಂದೊಂದು ಸಲ ಒಂದೊಂದು ತೋರಿಸುತ್ತಿತ್ತು.

"ಹತ್ತಿ ನೋಡಿ ಡಾಕ್ಟ್ರೇ."

ಅವನು ತಿದ್ದಲಿಲ್ಲ. ಹತ್ತಿ ನಿಂತ. ಶ್ಯಾಮಣ್ಣ ಗುಂಡನ್ನು ಬೆರಳಲ್ಲಿ ತಳ್ಳಿದರು. "ನಿಮ್ದು ಕರೆಕ್ಟಾಗಿದೆ."

ಗುರುರಾಜನಿಗೆ ಸಣ್ಣ ಸಂತೋಷವಾಯಿತು, ಅದರ ಹಿಂದೆಯೇ ನಾಚಿಕೆ.

ಯಂತ್ರವನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದ. ಯಾರೋ ಕೂತಿದ್ದಾರೆಂದುಕೊಂಡು ಕಾರು ಕಿರುಚತೊಡಗಿತು. ಅದಕ್ಕೂ ಬೆಲ್ಟ್ ಹಾಕಬೇಕಾಯಿತು.

ಬೆಳ್ಳಂದೂರಿನಲ್ಲಿ ಟ್ರಾಫಿಕ್ಕು ನಿಂತೇಹೋಯಿತು. ಮಗಳನ್ನು ತಾನು ಎತ್ತಿಕೊಂಡದ್ದು ಯಾವಾಗ ಎಂದು ಯೋಚಿಸಿದ. ಎತ್ತಿಕೊಂಡಿದ್ದು ನಿಜ. ಕೊನೆಯ ಸಲ ಯಾವುದೆಂದು ನೆನಪಾಗಲಿಲ್ಲ. ಇದೇ ಕೊನೆ ಎಂದು ಹೇಳಿ ಯಾರೂ ಮಗುವನ್ನು ಕೆಳಗಿಳಿಸುವುದಿಲ್ಲ.

ವರ್ತೂರಿನ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಕೊಟ್ರಪ್ಪ ಲಿಫ್ಟಿನವರೆಗೆ ಕೈಜೋಡಿಸಿದ. "ಜಿಮ್ ಸಾಮಾನೇನ್ರಿ ಸರ?"

"ಹ್ಞೂಂ."

ಬಾಗಿಲು ತೆಗೆದ ನೀಲಾಂಬಿಕಾ ಗಂಡನನ್ನು ನೋಡಲಿಲ್ಲ, ಯಂತ್ರವನ್ನು ನೋಡಿದಳು.

"ಅವಳ ಜೊತೆ ಮಾತಾಡಿ ಅಂದಿದ್ದೆ. ಇದನ್ನ ತಂದ್ರಿ."

"ಇದರಲ್ಲಿ ತಪ್ಪು ಬರಲ್ಲ."

"ಯಾರ ತಪ್ಪು?"

ಅವನು ಬಗ್ಗಿ ಯಂತ್ರದ ಕಾಲುಗಳನ್ನು ಸಮ ಮಾಡತೊಡಗಿದ. ಬೇರೆಲ್ಲೂ ಜಾಗವಿರಲಿಲ್ಲ, ಊಟದ ಮೇಜಿನ ಪಕ್ಕದಲ್ಲೇ ನಿಲ್ಲಿಸಿದ. ಮೇಜಿನ ಮೇಲೆ ಅನ್ನ, ಸಾರು, ಮುಚ್ಚಿಟ್ಟ ಪಲ್ಯ.

ದಿವ್ಯಾ ರೂಮಿನಿಂದ ಬಂದಳು. ಬೇಸಿಗೆಯಲ್ಲೂ ಉದ್ದ ತೋಳಿನ ಸ್ವೆಟರು.

"ನಂಗೇನಾ ಇದು?"

"ಎಲ್ಲರಿಗೂ."

"ಎಲ್ಲರಿಗೂ," ಎಂದು ಅವಳು ಮೆಲ್ಲಗೆ ಹೇಳಿದಳು. ನಕ್ಕಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಯಾರೂ ಹೇಳದೆಯೇ ಚಪ್ಪಲಿ ಬಿಟ್ಟು ಹತ್ತಿದಳು. ಯಂತ್ರದ ಕಬ್ಬಿಣದ ತಟ್ಟೆ ಸದ್ದು ಮಾಡಲಿಲ್ಲ.

ಆಸ್ಪತ್ರೆಯಲ್ಲಿ ಹೇಳಿದ್ದ ತೂಕಕ್ಕೆ ಗುಂಡನ್ನು ಇಟ್ಟ. ಗುಂಡು ಜಾರುವ ಕಡ್ಡಿಯ ತುದಿ ಕೆಳಗೇ ಇತ್ತು, ಅವಳು ಅಷ್ಟೂ ತೂಗುತ್ತಿರಲಿಲ್ಲ.

"ನೆಟ್ಟಗೆ ನಿಲ್ಲು."

"ನಿಂತಿದೀನಿ."

ಚೂರು ಹಿಂದಕ್ಕೆ ಸರಿಸಿದ. ಕಡ್ಡಿ ಏಳಲಿಲ್ಲ. ಮತ್ತೆ ಸರಿಸಿದ. ಅವಳ ಪಾದಗಳು ಕಣ್ಣಿಗೆ ಬಿದ್ದವು. ನೀಲಿಗಟ್ಟಿದ ಉಗುರುಗಳು, ತಟ್ಟೆಯ ಅಂಚನ್ನು ಹಿಡಿದುಕೊಂಡಂತಿದ್ದ ಬೆರಳುಗಳು. ಈ ಪಾದಗಳನ್ನು ದಾರಿಯಲ್ಲಿ ಕಂಡಿದ್ದರೆ ತನ್ನ ಮಗಳವೆಂದು ಗುರುತಿಸುತ್ತಿರಲಿಲ್ಲ. ಇಳಿ ಮಗಳೇ, ಬಾ, ಊಟ ಮಾಡೋಣ ಎನ್ನಬೇಕೆನಿಸಿತು. ಬಾಯಿ ತೆರೆದ.

"ಅಲುಗಾಡಬೇಡ."

"ಅಲುಗಾಡ್ತಿಲ್ಲ ಅಪ್ಪಾ."

ನೀಲಾಂಬಿಕಾ ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದಾಯಿತು. ನಿಲ್ಲಿಸಿದ ಸದ್ದು ಬರಲಿಲ್ಲ.

ಅವನ ಬೆರಳು ಗುಂಡಿನ ಮೇಲೆಯೇ ನಿಂತಿತ್ತು. ದಿವ್ಯಾ ಅವನ ಮುಖವನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿದ್ದದ್ದು ಭಯವಲ್ಲ, ಗೆದ್ದವರ ತಾಳ್ಮೆ ಎಂದು ಅವನಿಗೆ ತೋರಿತು.

"ಇನ್ನೂ ಹಿಂದಕ್ಕೆ," ಎಂದಳು, ಇಕ್ಕಟ್ಟಿನಲ್ಲಿ ಕಾರು ತೆಗೆಯುವವನಿಗೆ ದಾರಿ ತೋರಿಸುವಂತೆ. "ಇನ್ನೂ ಸ್ವಲ್ಪ."

ಗುರುರಾಜ ಸರಿಸಿದ. ತಟ್ಟೆಯ ಮೇಲೆ ಯಾರೂ ನಿಂತೇ ಇಲ್ಲವೆಂಬಂತೆ ಕಡ್ಡಿ ಮಲಗಿಯೇ ಇತ್ತು.