ತಳ ಹತ್ತಿದ ಆಪಲ್ ಬಟರ್

ಆಪಲ್ ಬಟರ್‌ನಲ್ಲಿ ತೊಟ್ಟು ಬೆಣ್ಣೆಯೂ ಇರುವುದಿಲ್ಲ. ಹುಳಿ ಸೇಬನ್ನು ಹಣ್ಣಿನ ರಸದಲ್ಲಿ ಬೇಯಿಸಿ, ಮಸೆದು, ಸಕ್ಕರೆ, ಚಕ್ಕೆ, ಲವಂಗ ಹಾಕಿ ಸಣ್ಣ ಉರಿಯಲ್ಲಿ ಅರ್ಧ ದಿನ ಕೆದಕಿದರೆ ಹುಣಸೆ ತೊಕ್ಕಿನ ಬಣ್ಣಕ್ಕೆ ತಿರುಗುವ ಪದಾರ್ಥ ಅದು. ಪಕ್ಕದ ಮನೆಯ ನೋರಾ ಅಜ್ಜಿಗೆ ಅದನ್ನು ಕಲಿಸಿದ್ದು ಅಮೆರಿಕದಿಂದ ಮರಳಿ ಬಂದಿದ್ದ ಅವಳ ಸೋದರತ್ತೆ. ಬೇಲಿಯಾಚೆ ನಿಂತು ಸಿಂಧುವಿಗೆ ಹೇಳಿಕೊಡುವಾಗ ನೋರಾ ಒಂದೇ ನಿಯಮವನ್ನು ಒತ್ತಿ ಹೇಳಿದ್ದಳು: ಸೌಟು ನಿಲ್ಲಬಾರದು. ಕೈ ಸೋತರೆ ಇನ್ನೊಬ್ಬರ ಕೈಗೆ ಕೊಡಬೇಕು. ಅದಕ್ಕೇ ಇದನ್ನು ನಾಲ್ಕು ಜನ ಸೇರಿಯೇ ಮಾಡುತ್ತಿದ್ದರಂತೆ.

ಎರಡು ಸಾವಿರದ ಇಪ್ಪತ್ತರ ಅಕ್ಟೋಬರ್‌ನಲ್ಲಿ, ಡಬ್ಲಿನ್‌ನಲ್ಲಿ, ನಾಲ್ಕು ಜನರನ್ನು ಎಲ್ಲಿಂದ ತರುವುದು? ಬೇರೆ ಒಂದೇ ಒಂದು ಮನೆಯವರು ನಿಮ್ಮ ಮನೆಗೆ ಬರಬಹುದು ಎಂದು ಸರ್ಕಾರ ಹೇಳಿತ್ತು. ಬ್ಯೂಮಾಂಟ್ ಬಡಾವಣೆಯ ಬಾಡಿಗೆ ಮನೆಯಲ್ಲಿ ಇದ್ದವರು ಸಿಂಧು ಮತ್ತು ಅವಳ ಅತ್ತೆ ನೀಲಮ್ಮ, ಇಬ್ಬರೇ. ಫೆಬ್ರವರಿಯಲ್ಲಿ ಮಗನನ್ನು ನೋಡಲು ಮೈಸೂರಿನಿಂದ ಬಂದ ನೀಲಮ್ಮ, ವಿಮಾನ ನಿಂತು ಇಲ್ಲೇ ಉಳಿದಿದ್ದರು. ಅವರಿಗೆ ಉಬ್ಬಸ ಬೇರೆ. ಮಗ, ಸಿಂಧುವಿನ ಗಂಡ ಮಧುಸೂದನ, ಆಸ್ಪತ್ರೆಯ ಡಾಕ್ಟರು. ತನ್ನಿಂದ ಅಮ್ಮನಿಗೆ ಕೊರೊನಾ ಅಂಟಬಾರದೆಂದು ಮಾರ್ಚ್‌ನಲ್ಲೇ ಬೇರೆ ರೂಮು ಹಿಡಿದು, ಭಾನುವಾರ ಭಾನುವಾರ ಗೇಟಿನಾಚೆ ನಿಂತು ಮುಖ ನೋಡಿಕೊಂಡು ಹೋಗುತ್ತಿದ್ದ. ಹೊರಡುವಾಗ ಸಿಂಧುವಿಗೆ ಅದೇ ಮಾತು: "ಅಮ್ಮನ್ನ ನಿನ್ನ ಕೈಲಿ ಬಿಟ್ಟಿದ್ದೀನಿ ಕಣೆ."

ಹೆತ್ತ ಮಗನೇ ಹೊಸಿಲು ದಾಟದ ಮನೆಗೆ ಸಿಂಧು ವಿನೋದಿನಿಯನ್ನು ಬಿಟ್ಟುಕೊಂಡಳು. ಇಂಜಿನಿಯರಿಂಗ್ ಕಾಲದ ಗೆಳತಿ, ಎರಡು ಬೀದಿಯಾಚೆ ಒಂದು ರೂಮಿನಲ್ಲಿ ಒಂಟಿಯಾಗಿ ಲ್ಯಾಪ್‌ಟಾಪ್ ಮುಂದೆ ಕೂತು ಸೊರಗಿದ್ದಳು. ಉಳಿದ ಪರಿಚಯದವರು ಮುಖ ಊದಿಸಿಕೊಂಡರು. ಊದಿಸಿಕೊಳ್ಳಲಿ ಎಂದಳು ಸಿಂಧು. ವಾರಕ್ಕೆರಡು ದಿನ ವಿನೋದಿನಿ ಬಂದು ನೀಲಮ್ಮನ ಕೈಯ ಸಾರು ಅನ್ನ ಉಂಡು, ಅವರ ಜೊತೆ ಚೌಕಾಬಾರ ಆಡಿ ಹೋಗುತ್ತಿದ್ದಳು.

ಆ ಶುಕ್ರವಾರ ಹಿತ್ತಲಿನ ಮರದ ಸೇಬನ್ನೆಲ್ಲ ಕಿತ್ತು, ಹೊರಗೇ ಗ್ಯಾಸ್ ಒಲೆ ಇಟ್ಟು ಶುರು ಮಾಡಿದರು. "ಬೆಣ್ಣೆ ಯಾವಾಗ ಹಾಕೋದು?" ಎಂದು ನೀಲಮ್ಮ ಎರಡು ಸಲ ಕೇಳಿದರು. ಮಧ್ಯಾಹ್ನ ಮಳೆ ಹನಿಯಿತು. ಪಾತ್ರೆಯನ್ನು ಅಡುಗೆಮನೆಗೆ ತಂದು, ಕಿಟಕಿ ಮುಚ್ಚಿ, ಮೂವರೂ ಒಲೆಯ ಸುತ್ತ ನಿಂತರು. ಸೌಟು ವಿನೋದಿನಿಯ ಕೈಯಿಂದ ನೀಲಮ್ಮನ ಕೈಗೆ, ನೀಲಮ್ಮನ ಕೈಯಿಂದ ಮತ್ತೆ ವಿನೋದಿನಿಯ ಕೈಗೆ ಹೋಯಿತು. ಕೊನೆಗೆ ನೀಲಮ್ಮ ಮುಂದಿನ ಕೋಣೆಯಲ್ಲಿ ಸ್ವಲ್ಪ ಅಡ್ಡಾದರು. ಸಿಂಧು ಮೀಟಿಂಗ್ ಇದೆಯೆಂದು ಮಹಡಿಗೆ ಹೋದಳು.

ಸೀದ ವಾಸನೆ ಮಹಡಿಗೆ ಬಂತು. ಬಾಗಿಲು ಮುಚ್ಚಿದ್ದರೂ ಬಂತು. ಸಿಂಧು ಮೆಟ್ಟಿಲಿಳಿಯುವಾಗ ನೀಲಮ್ಮನೂ ಎದ್ದು ಕೂತಿದ್ದರು. "ಏನೋ ಸೀದು ಹೋಗ್ತಿದೆಯಲ್ಲೇ."

ಅಡುಗೆಮನೆಯಲ್ಲಿ ವಿನೋದಿನಿ ಪಾತ್ರೆಯ ಮೇಲೆ ಬಗ್ಗಿ ನಿಧಾನವಾಗಿ ಮೇಲೆ ಮೇಲೆ ಸೌಟಾಡಿಸುತ್ತಿದ್ದಳು. ತಳ ಹತ್ತಿ ಕರಿ ಹೊಗೆ ಅವಳ ಮುಖಕ್ಕೇ ಬಡಿಯುತ್ತಿತ್ತು.

"ಗ್ರ್ಯಾಂಡ್ ಆಗಿ ಬರ್ತಾ ಇದೆ ಕಣೆ," ಎಂದಳು.

ಸಿಂಧು ಒಲೆ ಆರಿಸಿದಳು. ಒಂದು ಕ್ಷಣ ಗೆಳತಿಯ ಮುಖವನ್ನೇ ನೋಡಿದಳು. ಆಮೇಲೆ ಕಪಾಟಿನಿಂದ ಒಂದು ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. "ಕಣ್ಣು ಮುಚ್ಚು. ಇದೇನು ಹೇಳು."

"ಏನೇ ಇದು, ಆಟ?"

"ಹೇಳು."

ವಿನೋದಿನಿ ಮೂಸಿದಳು, ತಡವರಿಸಿದಳು. "ಲವಂಗ."

ಅದು ಇಂಗು. ಬಾಗಿಲಲ್ಲಿ ನಿಂತಿದ್ದ ನೀಲಮ್ಮನಿಗೇ ಅದರ ಘಾಟು ಹೊಡೆದು ಅವರು ಸೆರಗು ಮೂಗಿಗೆ ಹಿಡಿದಿದ್ದರು.

"ಯಾವಾಗಿಂದ?"

"ಬುಧವಾರದಿಂದ," ಎಂದಳು ವಿನೋದಿನಿ, ನೆಲ ನೋಡುತ್ತ. "ಜ್ವರ ಇಲ್ಲ ಕಣೆ, ಬರೀ ನೆಗಡಿ ಇರ್ಬೇಕು ಅಂದ್ಕೊಂಡೆ. ಹೇಳಿದ್ರೆ ನೀನು ಸೇರಿಸ್ತಿರಲಿಲ್ಲ. ಆ ರೂಮಲ್ಲಿ ಗೋಡೆ ನೋಡ್ಕೊಂಡು ಇನ್ನು ಎರಡು ವಾರ ನನ್ನ ಕೈಲಿ ಆಗ್ತಿರಲಿಲ್ಲ."

ಸಿಂಧುವಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಉಂಡ ಮನೆಗೆ ಎರಡು ಬಗೆಯುವುದು ಎಂಬ ಮಾತನ್ನು ಅವಳು ಹುಟ್ಟಿದಾಗಿನಿಂದ ಕೇಳಿದ್ದಳು. ಅದು ಹೀಗೆ ಸ್ವೆಟರ್ ಹಾಕಿಕೊಂಡು, ಕೈಯಲ್ಲಿ ತನ್ನದೇ ಸೌಟು ಹಿಡಿದು ಎದುರಿಗೆ ನಿಲ್ಲುತ್ತದೆಂದು ಗೊತ್ತಿರಲಿಲ್ಲ. "ಅತ್ತೆಯ ಪಕ್ಕದಲ್ಲೇ ನಿಂತಿದ್ದೆಯಲ್ಲೇ," ಎಂದಳು. "ಹೋಗು. ಇನ್ನು ಈ ಕಡೆ ಬರಬೇಡ." ವಿನೋದಿನಿ ಕೋಟು ಕೂಡ ಮರೆತು ಮಳೆಯಲ್ಲಿ ಹೋದಳು.

ಸಿಂಧು ಪಾತ್ರೆಯನ್ನು ಹಿತ್ತಲಿಗೆ ಒಯ್ದು ಅಷ್ಟನ್ನೂ ಸುರಿದಳು. ಮಧುಸೂದನನಿಗೆ ಫೋನಿನಲ್ಲಿ ಎಲ್ಲ ಹೇಳಿದಳು. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಟೆಸ್ಟ್ ಮಾಡಿಸು. ವಾಸನೆ ಗೊತ್ತಾಗುತ್ತಾ, ಉಸಿರು ಹೇಗಿದೆ, ದಿನಾ ನೋಡ್ತಾ ಇರು," ಎಂದ ಅಷ್ಟೇ.

ಇಬ್ಬರದೂ ಮೊದಲ ಟೆಸ್ಟ್ ನೆಗೆಟಿವ್ ಬಂತು. ಇನ್ನೊಂದಕ್ಕೆ ಕಾಯಬೇಕಿತ್ತು. ದಿನಾ ಬೆಳಗ್ಗೆ ಸಿಂಧು ಮಾಸ್ಕ್ ಹಾಕಿಕೊಂಡು ಅತ್ತೆಯ ಮಂಚದ ಬಳಿ ಅದೇ ಇಂಗಿನ ಡಬ್ಬಿ ಹಿಡಿಯುತ್ತಿದ್ದಳು. ನೀಲಮ್ಮ ಒಳ್ಳೆ ಮಗುವಿನಂತೆ ಕಣ್ಣು ಮುಚ್ಚಿ, ಮೂಸಿ, "ಇಂಗು" ಎನ್ನುತ್ತಿದ್ದರು. ಸಿಂಧುವಿಗೆ ಹೋದ ಜೀವ ಬರುತ್ತಿತ್ತು. ವಿನೋದಿನಿಯ ಮೆಸೇಜುಗಳನ್ನು ಅವಳು ತೆರೆದೂ ನೋಡಲಿಲ್ಲ.

ಎರಡನೆಯ ಭಾನುವಾರ ಡಬ್ಬಿ ಖಾಲಿಯಾಗಿತ್ತು. ಹಿಂದಿನ ದಿನದ ಸಾರಿಗೆ ಇಂಗು ಮುಗಿದಿತ್ತು. ಸಿಂಧು ಕೈಗೆ ಸಿಕ್ಕ ಕಾಫಿಪುಡಿಯ ಡಬ್ಬಿ ತಂದಳು. ಹುಟ್ಟಿದಾಗಿನಿಂದ ಡಿಕಾಕ್ಷನ್ ಘಮದಲ್ಲೇ ಬೆಳೆದ ಹೆಂಗಸಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಯಾವುದಿದೆ?

ನೀಲಮ್ಮ ಕಣ್ಣು ಮುಚ್ಚಿದರು. ಮೂಸಿದರು.

"ಇಂಗು," ಎಂದರು.

ಸಿಂಧು ಡಬ್ಬಿ ಹಿಡಿದೇ ಕೂತಳು. ಕಣ್ಣು ತೆರೆದು ಡಬ್ಬಿ ನೋಡಿದ ನೀಲಮ್ಮನ ಮುಖ ಸಣ್ಣದಾಯಿತು.

"ಯಾವಾಗಿಂದ ಅತ್ತೆ?"

"ಮಂಗಳವಾರದಿಂದ." ಮಾತಿನ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು. "ಹೇಳಿದ್ರೆ ಆಸ್ಪತ್ರೆಗೆ ಹಾಕ್ತೀರ. ಅಲ್ಲಿ ಯಾರನ್ನೂ ಹತ್ರ ಬಿಡಲ್ವಂತೆ. ಭಾಷೆ ಬರದ ಕಡೆ ಒಬ್ಬಳೇ ಮಲಗೋಕೆ ನನ್ನ ಕೈಲಾಗಲ್ಲ ಕಣಮ್ಮ."

ಇಬ್ಬರೂ ಮೋಸ ಮಾಡಿದ್ದು ಸಿಂಧುವಿಗೇ. ಒಬ್ಬಳು ಈ ಮನೆಯೊಳಗೆ ಬರಲು, ಇನ್ನೊಬ್ಬರು ಈ ಮನೆ ಬಿಟ್ಟು ಹೋಗದಿರಲು. ವಿನೋದಿನಿಯನ್ನು ಆಚೆ ಕಳಿಸಿದ ಹಾಗೆ ಇವರನ್ನು ಕಳಿಸುವಂತಿರಲಿಲ್ಲ, ಇವರ ಮೇಲೆ ಸಿಡುಕಲೂ ಮನಸ್ಸು ಬರಲಿಲ್ಲ. ಅತ್ತೆಯ ತಣ್ಣಗಿನ ಕೈಯನ್ನು ಹಿಡಿದುಕೊಂಡಳು.

ಹೊರಗೆ ಗೇಟು ಕಿರುಗುಟ್ಟಿತು. "ಚೆನ್ನಾಗಿದ್ದಾರೆ ಅನ್ನು," ಎಂದರು ನೀಲಮ್ಮ.

ಸಿಂಧು ಹೋಗಿ ಬಾಗಿಲು ತೆರೆದಳು. ಮಧುಸೂದನ ಎಂದಿನಂತೆ ಗೇಟಿನಾಚೆ ನಿಂತು, ಅಮ್ಮನನ್ನು ಕಿಟಕಿಯಲ್ಲಿ ಹುಡುಕುತ್ತಿದ್ದ.

"ಮಧು," ಎಂದಳು, "ಒಳಗೆ ಬಾ."

ಮಾರ್ಚ್‌ನಿಂದ ಅವಳು ಅವನಿಗೆ ಆ ಮಾತು ಹೇಳಿರಲಿಲ್ಲ. ಅವನು ಏನೂ ಕೇಳದೆ ಓಡಿ ಬಂದ.