ಗಯಾಬಾಯಿಯ ಸಾಬೂದಾಣಿ ಉಪಾಸ

ಮಂಠಾಳದ ಸಂತೆಯಲ್ಲಿ ಗಯಾಬಾಯಿಯ ಆವಾಜು ಕೇಳದವರು ಯಾರೂ ಇಲ್ಲ. "ಮೆಂತೆ ಬಂತು, ಪಾಲಕ್ ಬಂತು, ಎಳೀ ಸೌತಿಕಾಯಿ ನೋಡ್ರಿ!" ಎಂದು ಆಕೆ ಒಮ್ಮೆ ಕೂಗಿದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವರೂ ತಿರುಗಿ ನೋಡುತ್ತಿದ್ದರು. ಆ ಕೂಗೇ ಆಕೆಯ ಅಂಗಡಿ, ಆ ಕೂಗೇ ಆಕೆಯ ಬೋರ್ಡು.

ಆದರೆ ವರ್ಷಗಟ್ಟಲೆ ಬುಟ್ಟಿ ಎತ್ತಿ ಎತ್ತಿ ಹೊಕ್ಕಳ ಮೇಲೊಂದು ಉಬ್ಬು ಬಂದಿತ್ತು. ಕೆಮ್ಮಿದರೆ ನಿಂಬೆಹಣ್ಣಿನಷ್ಟು ಹೊರಗೆ ಬರುವುದು, ಮಲಗಿದರೆ ಒಳಗೆ ಹೋಗುವುದು. ಸೆರಗು ಮುಚ್ಚಿಕೊಂಡು ಎಷ್ಟು ದಿನ ತಳ್ಳುತ್ತೀರಿ? ಕಡೆಗೆ ಗಂಡ ನರಸಿಂಗ ಬೈದು ಬೈದು ಹುಮನಾಬಾದದ ದವಾಖಾನೆಗೆ ಕರೆದುಕೊಂಡು ಹೋದ. ಹರ್ನಿಯಾ, ಆಪರೇಶನ್ ಮಾಡಬೇಕು, ಗಾಬರಿ ಏನಿಲ್ಲ, ದಿನ ನೋಡಿ ಮಾಡೋಣ ಎಂದರು ದೊಡ್ಡ ಡಾಕ್ಟರು.

ಗಾಬರಿ ಹುಟ್ಟಿಸಿದವಳು ಪಕ್ಕದ ಮನೆಯ ಶೇವಂತಾಬಾಯಿ. ಆಕೆಗೆ ಹಿಂದೊಮ್ಮೆ ಆಪರೇಶನ್ ಆಗಿತ್ತಲ್ಲ, ಹಾಗಾಗಿ ಓಣಿಗೆಲ್ಲ ಆಕೆಯೇ ಅರ್ಧ ಡಾಕ್ಟರು.

"ಗಯಾ, ಬೇಹೋಶ್ ಮಾಡಿ, ಎಚ್ಚರ ತಪ್ಪಿಸಿ, ಗಂಟಲಾಗ ನಳಿ ತುರುಕ್ತಾರ ನೋಡು. ನನಗ ಎದ್ದ ಮ್ಯಾಲ ಮಾತೇ ಹೊಂಡಲಿಲ್ಲ. ಕಪ್ಪಿ ಒದರಿದಂಗ ಆಗಿತ್ತು ನನ್ನ ಆವಾಜ!"

"ಅಯ್ಯ ನಮ್ಮವ್ವ! ನಾ ಸಂತ್ಯಾಗ ಹ್ಯಾಂಗ ಕೂಗ್ಲಿ?"

"ಅದಕ್ಕೇ ಹೇಳಾಕತ್ತೀನಿ. ಈಗ ಬಟ್ಟಲದಂಥದು ಒಂದು ಬಂದದಂತ, ಅದು ಗಂಟಲಾಗ ಮ್ಯಾಲೇ ಕೂಡ್ತದಂತ. ಅದನ್ನೇ ಹಾಕ್ರಿ ಅನ್ನು. ಮತ್ತ ಎದಿ ಉರೀತದ, ಹುಳಿ ತೇಗು ಬರ್ತದ ಅಂತ ಏನರೆ ಬಾಯಿ ಬಿಟ್ಟಿ, ನಳೀನೇ ಗತಿ!"

ಗಯಾಬಾಯಿ ಗಾಬರಿಯಾದಳು. ಏಕೆಂದರೆ ಆಕೆಗೆ ಎದೆ ಉರಿಯುತ್ತಿತ್ತು. ಊಟ ಮಾಡಿ ಮಲಗಿದರೆ ಸಾಕು, ಹುಳಿ ನೀರು ಗಂಟಲ ತನಕ ಬರುತ್ತಿತ್ತು. ಆ ಸಂಗತಿಯನ್ನು ಆಕೆ ಹೊಟ್ಟೆಯೊಳಗೇ ಇಟ್ಟುಕೊಂಡಳು.

ಆಪರೇಶನ್ನಿನ ಹಿಂದಿನ ದಿನ ಬೇಹೋಶಿ, ಅಂದರೆ ಅರಿವಳಿಕೆ, ಕೊಡುವ ಡಾಕ್ಟರ್ ಫರಹತ್ ಮೇಡಂ ಗಂಡ ಹೆಂಡತಿ ಇಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಬಸವಕಲ್ಯಾಣದಲ್ಲೇ ಹುಟ್ಟಿ ಬೆಳೆದವರು. ಮಾತು ನಮ್ಮದೇ, ಸಲಿಗೆಯೂ ನಮ್ಮದೇ. ಗಯಾಬಾಯಿ ಕೂರುವ ಮೊದಲೇ ಅಂದಳು:

"ಮೇಡಂ, ನನಗ ನಳಿ ಬ್ಯಾಡ್ರಿ. ಬಟ್ಟಲ ಹಾಕ್ರಿ."

ಮೇಡಂ ನಕ್ಕರು. ಮೇಜಿನಿಂದ ಎರಡು ಸಾಮಾನು ತೆಗೆದು ತೋರಿಸಿದರು.

"ನೋಡ್ರಿ ಅವ್ವಾ. ನೀವು ಬೇಹೋಶ್ ಆದಾಗ ನಾಲಿಗಿ ಸಡಲಾಗಿ ಹಿಂದ ಬೀಳ್ತದ, ಉಸುರಿನ ಹಾದಿ ಮುಚ್ತದ. ಹಾದಿ ತೆರೆದಿಡಾಕ ಇವು ಬೇಕು. ಇದು ನಿಮ್ಮ ಬಟ್ಟಲ. ಕೊಡದ ಬಾಯಿ ಮ್ಯಾಲ ತಾಟು ಮುಚ್ಚಿದಂಗ ಉಸುರಿನ ಕೊಳವಿ ಮ್ಯಾಲ ಕೂಡ್ತದ, ಒಳಗ ಹೋಗೂದಿಲ್ಲ. ಗಂಟಲ ನೋವು ಸಾಮಾನ್ಯವಾಗಿ ಕಡಿಮಿ. ಇದು ನಳಿ. ಸೀದಾ ಉಸುರಿನ ಕೊಳವಿಯೊಳಗ ಹೋಗ್ತದ, ಸುತ್ತ ಸಣ್ಣ ಫುಗ್ಗಾ ಉಬ್ಬಿ ಸಂದಿ ಮುಚ್ತದ. ಹೊಟ್ಟಿಯಾಂದು ಮ್ಯಾಲ ಬಂದ್ರೂ ಒಳಗ ಇಳಿಯೂದು ಕಷ್ಟ."

"ಹಂಗಾದ್ರ ಯಾವುದು ಚಲೋರಿ?" ನರಸಿಂಗ ಕೇಳಿದ.

"ಎರಡೂ ಚಲೋನೇ. ಯಾರಿಗೆ ಯಾವುದು ಅನ್ನೂದು ಮುಖ್ಯ. ಸಣ್ಣ ಆಪರೇಶನ್, ಖಾಲಿ ಹೊಟ್ಟಿ, ಎದಿ ಉರಿ ಇಲ್ಲ ಅಂದ್ರ ಬಟ್ಟಲ ಆಗ್ತದ. ಅವ್ವಾ, ಎದಿ ಉರಿ, ಹುಳಿ ತೇಗು ಏನರೆ ಅದ?"

"ಇಲ್ರಿ," ಎಂದಳು ಗಯಾಬಾಯಿ, ನೆಲ ನೋಡುತ್ತ.

"ಹಲ್ಲು ಸಡಲ? ತಂಬಾಕ?"

"ಇಲ್ರಿ, ಇಲ್ರಿ."

"ಆಯ್ತು. ನಾಳೆ ಉಪಾಸ ಬರ್ರಿ."

ಅಷ್ಟೇ ಮಾತು. ಎಲ್ಲ ಕೆಟ್ಟಿದ್ದು ಆ ಉಪಾಸ ಎಂಬ ಒಂದೇ ಮಾತಿನಿಂದ.

ಮರುದಿನ ಬೆಳಗ್ಗೆ ಸೊಸೆ ಧನಶ್ರೀ ನಾಷ್ಟಾಕ್ಕೆ ರೊಟ್ಟಿ ಬಡಿಯಲು ಕೂತಳು. ಗಯಾಬಾಯಿ ಗದರಿದಳು: "ಏ, ರೊಟ್ಟಿ ಮುಟ್ಟಿಸಬ್ಯಾಡ ನನಗ! ಡಾಕ್ಟರ್ ಬಾಯಿ ಉಪಾಸ ಬರ್ರಿ ಅಂದಾರ." ಪಾಪ ಸೊಸೆ ತಾನೇ ಏನು ಮಾಡಿಯಾಳು? ಏಕಾದಶಿಗೆ ಮಾಡುವಂತೆ ಸಾಬೂದಾಣಿ, ಅಂದರೆ ಸಬ್ಬಕ್ಕಿ, ನೆನೆಹಾಕಿದ್ದು ಮನೆಯಲ್ಲಿತ್ತು. ಶೇಂಗಾ ಕುಟ್ಟಿ ಹಾಕಿ ಬಿಸಿಬಿಸಿ ಖಿಚಡಿ ಮಾಡಿದಳು. ಆಪರೇಶನ್ ಅಲ್ಲವೇ, ಶಕ್ತಿ ಬೇಕೆಂದು ತುಪ್ಪವನ್ನೂ ಜರಾ ಹೆಚ್ಚೇ ಬಿಟ್ಟಳು. ಮೇಲೊಂದು ಬಾಳೆಹಣ್ಣು, ಒಂದು ಕಪ್ ಹಾಲಿನ ಚಹಾ. ಗಯಾಬಾಯಿ ನೇಮದಿಂದ ಉಪಾಸ ಮಾಡಿ ಬಸ್ಸು ಹತ್ತಿದಳು.

ದವಾಖಾನೆಯಲ್ಲಿ ನರ್ಸ್ ಕೇಳಿದಳು: "ಏನರೆ ತಿಂದೀರೇನು?"

"ಇಲ್ಲವ್ವ. ಉಪಾಸ ಅದೀನಿ." ಆಕೆ ಸುಳ್ಳು ಹೇಳಲಿಲ್ಲ. ಆಕೆಯ ಪಾಲಿಗೆ ಅದು ಖರೆಯೇ.

ಒಳಗೆ ಕರೆದೊಯ್ಯುವ ಮೊದಲು ಫರಹತ್ ಮೇಡಂ ಮತ್ತೊಮ್ಮೆ ಬಂದರು. "ಬಾಯಿ ದೊಡ್ಡದಾಗಿ ತಗೀರಿ ಅವ್ವಾ, ಹಲ್ಲು ನೋಡ್ತೀನಿ." ಗಯಾಬಾಯಿ ಆ ಎಂದಳು. ಮೇಡಂ ಬ್ಯಾಟರಿ ಹಿಡಿದು ನೋಡಿದವರು ಹಾಗೇ ನಿಂತುಬಿಟ್ಟರು.

"ದವಡಿ ಹಲ್ಲಾಗ ಏನೋ ಸಿಕ್ಕದ. ಶೇಂಗಾ ಏನ್ರಿ?"

"ಹೌದ್ರಿ. ಉಪಾಸದ ಶೇಂಗಾ."

ನರ್ಸ್ ಕಿಸಕ್ಕನೆ ನಕ್ಕಳು. ಮೇಡಂ ನಗಲಿಲ್ಲ. ಸ್ಟೂಲ್ ಎಳೆದು ಗಯಾಬಾಯಿಯ ಪಕ್ಕ ಕೂತರು. ಒಂದೊಂದೇ ಕೇಳಿದಾಗ ಖಿಚಡಿ, ಬಾಳೆಹಣ್ಣು, ಚಹಾ, ಎಲ್ಲ ಸುದ್ದಿ ಹೊರಗೆ ಬಂತು. "ಇವತ್ತ ಆಪರೇಶನ್ ಇಲ್ಲ," ಎಂದರು.

ಗಯಾಬಾಯಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಇಷ್ಟು ದೂರಿಂದ ಬಂದೀವಿ! ಅನ್ನ ತಿಂದೀನೇನು, ರೊಟ್ಟಿ ತಿಂದೀನೇನು?"

"ಹೊಟ್ಟಿಗೆ ಸಾಬೂದಾಣಿ ಬ್ಯಾರೆ, ರೊಟ್ಟಿ ಬ್ಯಾರೆ ಅಂತ ಗೊತ್ತಾಗೂದಿಲ್ಲ ಅವ್ವಾ. ಹಾಲಿನ ಚಹಾನೂ ಊಟದ ಲೆಕ್ಕನೇ. ಬೇಹೋಶ್ ಆದಾಗ ಅದು ಉಕ್ಕಿ ಬಂದ್ರ ಕೆಮ್ಮಿ ಉಗುಳಾಕ ನಿಮಗ ಎಚ್ಚರ ಇರೂದಿಲ್ಲ. ಸೀದಾ ಪುಪ್ಪುಸಕ್ಕ, ಉಸುರಿನ ಚೀಲಕ್ಕ, ಇಳೀತದ. ಜೀವಕ್ಕ ಬರ್ತದ."

"ಹಂಗಾದ್ರ ನಳೀನೇ ಹಾಕಿ ಇವತ್ತ ಮುಗಿಸಿಬಿಡ್ರಿ," ಎಂದ ನರಸಿಂಗ.

"ನಳಿ ಹಾಕೂ ಹೊತ್ತಿನ್ಯಾಗೂ ಉಕ್ಕಬಹುದಲ್ಲ ಕಾಕಾ. ಜೀವ ಹೋಗೂ ಹೊತ್ತು ಬಂದಿದ್ರ ಆ ಧೈರ್ಯ ಮಾಡ್ತೀವಿ. ಇದು ದಿನ ನೋಡಿ ಮಾಡೂ ಆಪರೇಶನ್. ಸುಮ್ಮನ ಯಾಕ ಜೀವದ ಜೋಡಿ ಆಡೂದು?" ಮೇಡಂ ಮತ್ತೆ ಅಂದರು: "ಆದ್ರ ತಪ್ಪು ಅವ್ವಂದಲ್ಲ, ನಂದು. ನಾ ಉಪಾಸ ಅಂದಾಗ ನನ್ನ ತಲ್ಯಾಗ ಏನೂ ತಿನ್ನದ ರಮಜಾನಿನ ರೋಜಾ ಇತ್ತು, ಅವರ ತಲ್ಯಾಗ ಸಾಬೂದಾಣಿ ಇತ್ತು. ಹೊಟ್ಟಿ ಖಾಲಿ ಇಡ್ರಿ ಅಂತ ಬಿಡಿಸಿ ಹೇಳಬೇಕಿತ್ತು ನಾನು. ಮಾಫ್ ಮಾಡ್ರಿ ಅವ್ವಾ."

ಎಷ್ಟು ಓದಿದ ಹೆಂಗಸು, ಎಲ್ಲರ ಮುಂದೆ ತಪ್ಪು ನಂದು ಎಂದಳಲ್ಲ! ಗಯಾಬಾಯಿಯ ಸಿಟ್ಟು ಇಳಿದುಹೋಯಿತು. ಚೀಲ ಎತ್ತಿಕೊಂಡು ಬಾಗಿಲ ತನಕ ಹೋದಳು. ಕಾಲು ಮುಂದೆ ಹೋಗಲಿಲ್ಲ. ಈಗ ಬಾಯಿ ಬಿಟ್ಟರೆ ಬಟ್ಟಲು ಕೈ ತಪ್ಪುತ್ತದೆ, ನಳಿ ಬರುತ್ತದೆ, ಆವಾಜು ಹೋಗುತ್ತದೆ. ಬಾಯಿ ಬಿಡದಿದ್ದರೆ, ಮಲಗಿದಾಗ ಬರುವ ಆ ಹುಳಿ ನೀರು ಪುಪ್ಪುಸಕ್ಕೆ ಇಳಿದರೆ? ತಿರುಗಿ ಬಂದಳು.

"ಮೇಡಂ, ಶೇಂಗಾ ನಿಮಗ ಕಂಡಿತು. ಕಾಣಲಾರದ್ದು ಒಂದು ಅದ. ನನಗ ಎದಿ ಉರೀತದ್ರಿ. ಮಲಗಿದ್ರ ಹುಳಿ ನೀರು ಗಂಟಲಿಗೆ ಬರ್ತದ. ನಳಿ ಹಾಕ್ತೀರಿ ಅಂತ ಮುಚ್ಚಿಟ್ಟಿದ್ದೆ."

ಮೇಡಂ ಆಕೆಯ ಕೈ ಹಿಡಿದುಕೊಂಡರು. "ಇದನ್ನ ಹೇಳಿದ್ರಲ್ಲ, ನಿಮ್ಮ ಜೀವ ನೀವೇ ಉಳಿಸಿಕೊಂಡ್ರಿ. ಈಗ ನಿಮಗ ನಳೀನೇ ಸರಿ. ಎದಿ ಉರಿಗೆ ಗುಳಿಗಿನೂ ಕೊಡ್ತೀನಿ."

"ನನ್ನ ಆವಾಜರಿ?"

"ಸುಳ್ಳು ಹೇಳಂಗಿಲ್ಲ. ಒಂದೆರಡು ದಿನ ಗಂಟಲ ಕೆರೀತದ, ಆವಾಜ ಒಡೀತದ. ಭಾಳ ಮಂದಿಗೆ ತಾನೇ ಸರಿ ಆಗ್ತದ. ಅಪರೂಪಕ್ಕ ಹೆಚ್ಚು ದಿನ ಉಳೀತದ, ಹಂಗಾದ್ರ ತೋರಸಾಕ ಬರಬೇಕು. ಆದ್ರ ಕೂಗಾಕ ಮೊದಲ ಉಸುರು ಇರಬೇಕಲ್ಲ ಅವ್ವಾ?"

ಮುಂದಿನ ಸಲ ಮೇಡಂ ಬಿಡಿಸಿ ಹೇಳಿದರು: ರಾತ್ರಿ ಊಟ ಹಗುರ, ಆಮೇಲೆ ಚಹಾ ಇಲ್ಲ, ಹಾಲು ಇಲ್ಲ, ಉಪಾಸದ ಫರಾಳ ಇಲ್ಲ, ಎಲೆ ಅಡಿಕೆ ಇಲ್ಲ. ಬರೀ ನೀರು ಮಾತ್ರ, ಅದೂ ಅವರು ಹೇಳಿದ ಹೊತ್ತಿನ ತನಕ. ಯಾವ ಗುಳಿಗೆ ನುಂಗಬೇಕು, ಯಾವುದು ಬೇಡ ಎನ್ನುವುದನ್ನೂ ಹೇಳಿದರು. ಗಯಾಬಾಯಿ ಒಂದೊಂದನ್ನೂ ತಿರುಗಿ ಕೇಳಿ ಖಾತ್ರಿ ಮಾಡಿಕೊಂಡಳು. ಆಪರೇಶನ್ ಸುಸೂತ್ರವಾಗಿ ಆಯಿತು.

ಎಚ್ಚರಾದ ಮೇಲೆ ಆಕೆ ಮೊದಲು ಮಾಡಿದ್ದು "ಮೆಂತೆ" ಎಂದು ಕೂಗಿ ನೋಡಿದ್ದು. ಗೊರಗೊರ ಸದ್ದು ಬಂತು, ಅಷ್ಟೇ. ಕಣ್ಣಲ್ಲಿ ನೀರು ತುಂಬಿತು. ಮೇಡಂ ತಲೆ ಸವರಿ, ತಡೀರಿ ಅವ್ವಾ ಎಂದರು. ತಡೆಯುವುದು ಬಿಟ್ಟರೆ ಆಕೆಗೆ ಬೇರೆ ದಾರಿಯೂ ಇರಲಿಲ್ಲ.

ಮನೆಗೆ ಬಂದು ಪಿಸುಗುಟ್ಟುತ್ತಲೇ ಮಲಗಿದ್ದಳು. ಒಂದು ದಿನ ಮುಂಜಾನೆ ಶೇವಂತಾಬಾಯಿಯ ಆಡು ಬಂದು ಅಂಗಳದಲ್ಲಿಟ್ಟ ಮೆಂತೆ ಸಿವುಡಿಗೆ ಬಾಯಿ ಹಾಕಿತು. ಗಯಾಬಾಯಿ ಹಾಸಿಗೆಯಿಂದಲೇ ಒದರಿದಳು:

"ಏ ಶೇವಂತಾ! ನಿನ್ನ ಆಡು ಹಿಡಿಯೇ! ನನ್ನ ಮೆಂತೆ ತಿನ್ನಾಕತ್ತದ!"

ಓಣಿಗೆ ಓಣಿಯೇ ಕೇಳಿತು. ಶೇವಂತಾಬಾಯಿ ಓಡಿ ಬಂದವಳು ಆಡು ಹಿಡಿಯುವುದನ್ನು ಮರೆತು ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಗಯಾ! ನಿನ್ನ ಆವಾಜ!" ಇಬ್ಬರೂ ನಕ್ಕರು. ಹೊಲಿಗೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡೇ ಗಯಾಬಾಯಿ ನಕ್ಕಳು. ಆಮೇಲೆ ಶೇವಂತಾಬಾಯಿ ಮೆಲ್ಲಗೆ ಒಪ್ಪಿದಳು: "ಖರೆ ಹೇಳಬೇಕಂದ್ರ, ನಂದೂ ನಾಕ ದಿನದಾಗ ಬಂದಿತ್ತು. ಮಾತಿಗೆ ಜರಾ ಉಪ್ಪುಖಾರ ಹಚ್ಚಿದೆ."

ಅಕ್ಕತಂಗಿಯರೆ, ಅಣ್ಣತಮ್ಮಂದಿರೆ, ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಶನ್ ಇದ್ದರೆ ಬಟ್ಟಲೋ ನಳಿಯೋ ಎಂದು ಧೈರ್ಯವಾಗಿ ಕೇಳಿ. ಆದರೆ ಆರಿಸುವ ಡಾಕ್ಟರಿಗೆ ಖರೆ ಮಾತು ಕೊಡಿ. ಎದೆ ಉರಿ, ಸಡಿಲ ಹಲ್ಲು, ತಂಬಾಕು, ದಮ್ಮು, ನುಂಗುವ ಗುಳಿಗೆ, ಒಂದನ್ನೂ ಮುಚ್ಚಿಡಬೇಡಿ. ತಪ್ಪಿ ಒಂದು ತುತ್ತು ತಿಂದಿದ್ದರೂ ಹೇಳಿಬಿಡಿ, ಆಪರೇಶನ್ ನಾಳೆ ಆದೀತು. ಗಂಟಲು ಬೇಗ ಸರಿಯಾಗದಿದ್ದರೆ ಮತ್ತೆ ಹೋಗಿ ತೋರಿಸಿ.

ಈಗ ಮಂಠಾಳದ ಸಂತೆಯಲ್ಲಿ ಬುಟ್ಟಿ ಎತ್ತುವವನು ನರಸಿಂಗ, ಕೂಗುವವಳು ಗಯಾಬಾಯಿಯೇ. ಸೊಪ್ಪು ಕೊಳ್ಳಲು ಬಂದವರು ನಾಳೆ ದವಾಖಾನೆಗೆ ಹೊಂಟೀವಿ, ಆಪರೇಶನ್ ಅದ ಎಂದರೆ ಸಾಕು, ತಕ್ಕಡಿ ಕೆಳಗಿಟ್ಟು ಇಡೀ ಸಂತೆಗೆ ಕೇಳುವಂತೆ ಹೇಳುತ್ತಾಳೆ:

"ಉಪಾಸ ಅಲ್ಲವ್ವ, ಹೊಟ್ಟಿ ಖಾಲಿ! ಸಾಬೂದಾಣಿನೂ ಇಲ್ಲ, ಸುಳ್ಳೂ ಇಲ್ಲ!"